ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡ, ದಯವಿಟ್ಟು

ಹೋದ ತಿಂಗಳು ಒಂದು ಭಾನುವಾರ ಸಂಜೆ ಒಬ್ಬರು ಮೇಷ್ಟ್ರು ತೀರ್ಥಹಳ್ಳಿಯ ನಮ್ಮ ಗ್ಯಾರೇಜಿಗೆ ಕಾರು ತಂದರು. ಉಡುಪಿಗೆ ಹೋಗಿ ವಾಪಸ್ ಬಂದಿದ್ದರು. "ಆಗುಂಬೆ ಇಳಿಯುವಾಗ ಸುಟ್ಟ ವಾಸನೆ ಬಂತು, ಆಮೇಲೆ ಬ್ರೇಕ್ ಮೆತ್ತಗಾಯ್ತು ಮಾರಾಯ್ರೆ" ಅಂದರು. ಮುಂದಿನ ಚಕ್ರ ಬಿಚ್ಚಿ ನೋಡಿದೆ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಕಾದು ನೀಲಿಗಟ್ಟಿತ್ತು. ಅದನ್ನು ಒತ್ತಿ ಹಿಡಿಯುವ ಪ್ಯಾಡಿನ ಮೈ ಗಾಜಿನ ಹಾಗೆ ನುಣುಪಾಗಿತ್ತು. ಯಾವ ಗೇರಲ್ಲಿ ಇಳಿದಿರಿ ಸಾರ್ ಅಂತ ಕೇಳಿದೆ.

"ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತಲ್ಲ!"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪೆಟ್ರೋಲ್ ಉಳಿಯುವುದಿಲ್ಲ. ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುವ ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರು ಇರುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಉರುಳುವ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದಿರೋ, ಇಂಜಿನ್ ಆಫ್ ಆಗದಿರಲಿ ಅಂತ ಅದು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಹಳೇ ಕಾರ್ಬ್ಯುರೇಟರ್ ಗಾಡಿಗಳ ಲೆಕ್ಕ ಬೇರೆ. ಆದರೆ ಅವುಗಳನ್ನೂ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸಬಾರದು.

ಯಾಕೆ ಅಂದರೆ ಶಾಖ. 1200 ಕೆ.ಜಿ. ತೂಕದ ಕಾರು 100 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಬರೀ ಬ್ರೇಕಿನಿಂದಲೇ ಅದನ್ನು ಹಿಡಿದರೆ, ಹುಟ್ಟುವ ಶಾಖಕ್ಕೆ ಮೂರು ಲೀಟರ್‌ಗಿಂತ ಜಾಸ್ತಿ ತಣ್ಣೀರು ಕುದಿಯುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. 100 ಮೀಟರ್‌ಗೆ ಅದು ಮುಗಿಯುವುದಿಲ್ಲ. ಗೇರಿನಲ್ಲಿದ್ದರೆ ಗಾಡಿಯನ್ನು ಹಿಡಿಯುವ ಕೆಲಸದಲ್ಲಿ ದೊಡ್ಡ ಪಾಲು ಇಂಜಿನ್ನೇ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಅಷ್ಟೂ ಶಾಖ ಅಂಗೈಯಗಲದ ಆ ಪ್ಯಾಡುಗಳ ಪಾಲಿಗೆ.

ನಮ್ಮ ಬಸ್ ಡ್ರೈವರುಗಳನ್ನು ನೋಡಿ. ಇಳಿಯುವಾಗ ಬಸ್ಸು ಗೊಂಯ್ ಅಂತ ನರಳುತ್ತದಲ್ಲ, ಅದು ಗೇರಿನ ಸದ್ದು. ಹಿಂದಿರುವ ಪ್ರವಾಸಿ ಕಾರಿನವರು ಬೇಗ ಹೋಗು ಅಂತ ಹಾರ್ನ್ ಹೊಡೆಯುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಡ್ರೈವರ್ ಐವತ್ತು ಜನರ ಜೀವ ಹಿಡಿದುಕೊಂಡು ಇಳಿಯುತ್ತಿರುತ್ತಾನೆ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಕಾರಿಗೂ ಅದೇ. ಘಾಟಿಯಲ್ಲಿ ಎರಡನೇ ಗೇರು, ಕಡಿದಾದ ತಿರುವಿದ್ದರೆ ಮೊದಲನೆಯದು. ಆಟೋಮ್ಯಾಟಿಕ್ ಆದರೆ ಗೇರ್ ಲಿವರಿನ ಎಲ್ (ಲೋ, ಅಂದರೆ ಕೆಳಗಿನ ಗೇರು), ಇಲ್ಲವೇ ಕೈಯಿಂದ ಗೇರು ಇಳಿಸುವ ಮೋಡ್. ನಿಮ್ಮ ಗಾಡಿಯ ಪುಸ್ತಕ ಒಮ್ಮೆ ನೋಡಿಕೊಳ್ಳಿ, ಎಲ್ಲಾ ಕಂಪನಿಯದ್ದೂ ಒಂದೇ ಥರ ಇರುವುದಿಲ್ಲ. ಗೇರು ಇಳಿಸುವುದು ತಿರುವಿಗೆ ಮೊದಲು. ಮಳೆಗಾಲದಲ್ಲಿ ತಿರುವಿನ ಮಧ್ಯೆ ಇಳಿಸಿದರೆ ಚಕ್ರ ಜಾರಬಹುದು.

ಇನ್ನು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ನಮ್ಮ ಮಲೆನಾಡಿನ ಗಾಳಿ ಗೊತ್ತಲ್ಲ, ಜುಲೈನಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿ. ಕುದಿದರೆ ಪೈಪಿನೊಳಗೆ ಆವಿ ತುಂಬುತ್ತದೆ. ಆಗ ಪೆಡಲ್ ಒತ್ತಿದರೆ ಹತ್ತಿ ಮೂಟೆ ಮೆಟ್ಟಿದ ಹಾಗೆ. ಮೇಷ್ಟ್ರ ಕಾರಿನ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷದಿಂದ ಬದಲಿಸಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಒಳ್ಳೆಯದು.

ಇಳಿಯುವಾಗ ಪೆಡಲ್ ಮೆತ್ತಗಾದರೆ ಇಂಜಿನ್ ಆಫ್ ಮಾಡಬೇಡಿ. ಪೆಡಲನ್ನು ಪಟಪಟ ಒತ್ತುತ್ತಾ ಒಂದೊಂದೇ ಗೇರು ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನಕ್ಕೆ ಎಳೆಯಿರಿ. ಜಾಗ ಸಿಕ್ಕಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಡಿಸ್ಕಿಗೆ ನೀರು ಮಾತ್ರ ಸುರಿಯಬೇಡಿ, ಸೊಟ್ಟಗಾಗುತ್ತದೆ. ಅರ್ಧ ಗಂಟೆ ಸುಮ್ನೆ ಕೂತಿರಿ. ಆಮೇಲೂ ಪೆಡಲ್ ಗಟ್ಟಿಯಾಗದಿದ್ದರೆ ಗಾಡಿ ಅಲ್ಲೇ ಇರಲಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.