ಬಟ್ಟಿ ಇಳಿಸಿದ ನೀರು: ಮನೆಯಲ್ಲಿ ಮಾಡುವುದು, ಮಂದಿಗೆ ಹೇಳುವುದು

ಶುದ್ಧ ನೀರಿನ ಘಟಕ ನಡೆಸುವ ಸ್ವಸಹಾಯ ಸಂಘದವರು, ಪ್ಲಂಬಿಂಗ್ ಕಲಿಯುವ ಐಟಿಐ ಹುಡುಗರು, ಮನೆಮನೆಗೆ ಫಿಲ್ಟರ್ ಮಾರುವವರು ಇಟ್ಟುಕೊಳ್ಳಬಹುದಾದ ಟಿಪ್ಪಣಿ ಇದು. ಯಂತ್ರದ ಮಾತಿಗಿಂತ ಮೊದಲು ನೀರಿನ ಮಾತು ಬರಬೇಕು. ಕ್ರಮ ತಿರುಗಿಸಿದವರು ಬೇಡದ ಯಂತ್ರ ಕೊಳ್ಳುತ್ತಾರೆ, ಇಲ್ಲವೇ ಮಾರುತ್ತಾರೆ.

ಯಾವ ನೀರಿಗೆ ಬೇಕು, ಯಾವುದಕ್ಕೆ ಬೇಡ

ಹುಬ್ಬಳ್ಳಿ-ಧಾರವಾಡದ ನಳಕ್ಕೆ ಮುಖ್ಯವಾಗಿ ಬರುವುದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದ ನೀರು. ಗದಗ, ಹಾವೇರಿ ಪಟ್ಟಣಗಳಿಗೆ ತುಂಗಭದ್ರೆ ಆಸರೆ. ಹೊಳೆ ನೀರಿನಲ್ಲಿ ಕರಗಿದ ಲವಣ ಕಡಿಮೆ. ಅದರ ತೊಂದರೆ ಬೇರೆ: ಮಳೆಗಾಲದ ಕೆಸರು, ಒಡೆದ ಪೈಪಿನಿಂದ ಸೇರುವ ಹೊಲಸು, ದಿನಗಟ್ಟಲೆ ಟ್ಯಾಂಕಿನಲ್ಲಿ ನಿಂತು ಬೆಳೆಯುವ ಸೂಕ್ಷ್ಮಾಣು. ಸೋಸಿ, ಕುದಿಸಿ, ಮುಚ್ಚಿಟ್ಟರೆ ಸಾಕು. ಇಂಥ ನೀರನ್ನು ಬಟ್ಟಿ ಇಳಿಸುವುದು ಕರೆಂಟಿಗೆ ದಂಡ.

ಬೋರಿನ ನೀರಿನ ಕತೆ ಹಾಗಲ್ಲ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಸುತ್ತಿನ ಹಳ್ಳಿಗಳಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹಳೆಯ ಸಮಸ್ಯೆ. ಜೊತೆಗೆ ಸವಳು, ಗಡಸುತನ, ಗೊಬ್ಬರ ಮತ್ತು ತಿಪ್ಪೆಯಿಂದ ಇಳಿಯುವ ನೈಟ್ರೇಟ್. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ನಾಲ್ಕು ಅಂಕಿ ಬಾಯಿಪಾಠ ಇರಲಿ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ, ಬೇರೆ ನೀರು ಸಿಗದಿದ್ದರೆ ಗರಿಷ್ಠ 1.5. ಒಟ್ಟು ಕರಗಿದ ಘನ, ಅಂದರೆ ಟಿಡಿಎಸ್, 500; ಗರಿಷ್ಠ 2000. ಗಡಸುತನ 200, ಗರಿಷ್ಠ 600. ನೈಟ್ರೇಟ್ 45, ಅದಕ್ಕೆ ಸಡಿಲಿಕೆಯೇ ಇಲ್ಲ.

ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಹೋಗುವುದಿಲ್ಲ, ದಟ್ಟವಾಗುತ್ತದೆ. ಲೀಟರಿಗೆ 2 ಮಿಲಿಗ್ರಾಂ ಇರುವ 10 ಲೀಟರ್ ನೀರು ಕುದಿದು 8 ಲೀಟರ್ ಆದರೆ ಅದು 2.5 ಆಗುತ್ತದೆ. ರೊಟ್ಟಿಯ ಹಿಟ್ಟಿಗೆ ಇಡುವ ಎಸರೂ ಅದೇ ನೀರು. ಕುಡಿಯಲು ಕ್ಯಾನಿನ ನೀರು, ಎಸರಿಗೆ, ಬೇಳೆಗೆ, ಚಹಾಕ್ಕೆ ಬೋರಿನ ನೀರು ಎನ್ನುವ ಮನೆಗಳಲ್ಲಿ ಫ್ಲೋರೈಡ್ ಊಟದ ದಾರಿಯಿಂದ ಒಳಗೆ ಬರುತ್ತಲೇ ಇರುತ್ತದೆ.

ಪರೀಕ್ಷೆಗೆ ನೀರು ಒಯ್ಯುವಾಗ ಫ್ಲೋರೈಡಿನ ಮಾದರಿ ಪ್ಲಾಸ್ಟಿಕ್ ಬಾಟಲಿಯಲ್ಲಿರಲಿ. ಗಾಜಿನ ಜೊತೆ ಫ್ಲೋರೈಡ್ ವರ್ತಿಸುತ್ತದೆ. ಪಂಪ್ ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು ತುಂಬಿ. ಸೂಕ್ಷ್ಮಾಣು ಪರೀಕ್ಷೆಗೆ ಬೇರೆ ಬಾಟಲಿ ಬೇಕು, ಕ್ರಿಮಿರಹಿತಗೊಳಿಸಿದ್ದು. ಅದನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಅಂದೇ ತಲುಪಿಸಬೇಕು. ಜಲಜೀವನ ಮಿಷನ್ ಅಡಿ ಹಳ್ಳಿಗಳಿಗೆ ಕೊಟ್ಟಿರುವ ಕಿಟ್‌ಗಳಲ್ಲಿ ಫ್ಲೋರೈಡಿನ ಬಣ್ಣದ ಪರೀಕ್ಷೆ ಇರುತ್ತದೆ. ಮೊದಲ ಜರಡಿಗೆ ಅದು ಸಾಕು, ಯಂತ್ರ ಕೊಳ್ಳುವ ನಿರ್ಧಾರಕ್ಕೆ ಲ್ಯಾಬಿನ ವರದಿಯೇ ಬೇಕು.

ಒಂದು ಲೀಟರಿಗೆ ಎಷ್ಟು ಉರಿ

ನೀರು ಆವಿಯಾಗುತ್ತದೆ, ಲವಣ ತಳದಲ್ಲಿ ಉಳಿಯುತ್ತದೆ, ಆವಿಯನ್ನು ತಂಪು ಮಾಡಿ ಹಿಡಿಯುತ್ತೇವೆ. ತತ್ವ ಇಷ್ಟೇ. ಖರ್ಚು ಬರುವುದು ಆವಿ ಮಾಡುವಲ್ಲಿ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವವರೆಗೆ ತರಲು ಸುಮಾರು 300 ಕಿಲೋಜೂಲ್. ಅದನ್ನು ಪೂರ್ತಿ ಆವಿ ಮಾಡಲು 2260. ಎರಡೂ ಸೇರಿ 0.71 ಯೂನಿಟ್ ವಿದ್ಯುತ್. ನಮ್ಮ ಭಾಗ ಸಮುದ್ರ ಮಟ್ಟದಿಂದ 650–750 ಮೀಟರ್ ಎತ್ತರದಲ್ಲಿರುವುದರಿಂದ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಲೆಕ್ಕದಲ್ಲಿ ಅದರಿಂದ ಏನೂ ಉಳಿತಾಯವಿಲ್ಲ.

ಪೇಟೆಯಲ್ಲಿ ಸಿಗುವ 4 ಲೀಟರಿನ, 750 ವಾಟಿನ ಯಂತ್ರ ಒಂದು ಸರದಿಗೆ ಐದು ತಾಸಿನ ಮೇಲೆ ತೆಗೆದುಕೊಳ್ಳುತ್ತದೆ. ಸೋರುವ ಶಾಖವೂ ಸೇರಿ ಲೀಟರಿಗೆ ಹೆಚ್ಚುಕಡಿಮೆ 1 ಯೂನಿಟ್ ಹಿಡಿಯಿರಿ. ಯೂನಿಟ್ಟಿಗೆ 7 ರೂಪಾಯಿ ಎಂದುಕೊಂಡರೆ ಲೀಟರಿಗೆ 7 ರೂಪಾಯಿ. ಗ್ಯಾಸಿನಲ್ಲಾದರೆ ಲೀಟರಿಗೆ ಸುಮಾರು 100 ಗ್ರಾಂ ಅನಿಲ ಬೇಕು, 14.2 ಕಿಲೋ ಸಿಲಿಂಡರಿನಲ್ಲಿ 140 ಲೀಟರ್ ಇಳಿದರೆ ಹೆಚ್ಚು. ಐದು ಮಂದಿಯ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 20 ಲೀಟರ್ ಬೇಕಾದರೆ ತಿಂಗಳಿಗೆ 600 ಯೂನಿಟ್! ಊರಲ್ಲಿ ಆರ್‌ಒ ಘಟಕ, ಅಂದರೆ ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಸೋಸುವ ಘಟಕ, ಸರಿಯಾಗಿ ನಡೆಯುತ್ತಿದ್ದರೆ, ಅದರ ಪೊರೆಯೂ ಫ್ಲೋರೈಡ್ ತೆಗೆಯುತ್ತದೆ, ಬೆಲೆ ತೀರಾ ಕಡಿಮೆ. ಬಟ್ಟಿಯಂತ್ರಕ್ಕೆ ಅಲ್ಲಿ ಕೆಲಸವಿಲ್ಲ. ಘಟಕ ಕೆಟ್ಟು ನಿಂತ ಊರಲ್ಲಿ, ಎಲ್ಲರಿಗೂ ಸಾಲದಿದ್ದರೆ ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ: ಕಾಯಂ ಹಲ್ಲಿನ ದಂತಕವಚ ಕಟ್ಟುವುದು ಆ ವಯಸ್ಸಿನಲ್ಲಿ. ಇಬ್ಬರು ಮಕ್ಕಳ ಕುಡಿಯುವ ನೀರು ದಿನಕ್ಕೆ 3 ಲೀಟರ್ ಎಂದರೆ 3 ಯೂನಿಟ್, ಅದು ಮನೆಗೆ ತಡೆಯುವ ಖರ್ಚು.

ಒಲೆಯ ಮೇಲೆ

ಕಲಿಯಲು ಯಂತ್ರ ಬೇಡ. 10 ಲೀಟರಿನ ಸ್ಟೀಲ್ ಡಬರಿ, ಒಳಗೆ ಕುಕ್ಕರಿನ ಸ್ಟೀಲ್ ಸ್ಟ್ಯಾಂಡು, ಅದರ ಮೇಲೆ 2 ಲೀಟರಿನ ಬೋಗುಣಿ, ಮೇಲೆ ಡಬರಿಯ ಬಾಯಿಗೆ ಕೂರುವ ಗುಂಡುತಳದ ಸ್ಟೀಲ್ ಪಾತ್ರೆ. ಗುಂಡುತಳದ ನಡುಬಿಂದು ಬೋಗುಣಿಯ ನಡುವಿಗೆ ನೇರ ಬರಬೇಕು. ಹನಿ ಅಲ್ಲಿಂದಲೇ ಉದುರುತ್ತದೆ. 3 ಲೀಟರ್ ನೀರು ಹಾಕಿ. ನೀರಿನ ಮಟ್ಟ ಬೋಗುಣಿಯ ಅಂಚಿಗಿಂತ ನಾಲ್ಕು ಬೆರಳು ಕೆಳಗಿರಲಿ. ಬೋಗುಣಿ ತೇಲುವಂತಿದ್ದರೆ ನೀರು ಕಡಿಮೆ ಮಾಡಿ ಅಥವಾ ಸ್ಟ್ಯಾಂಡು ಎತ್ತರದ್ದು ತನ್ನಿ.

ಮೊದಲು ಬೋಗುಣಿ ಇಡದೆ, ಮೇಲೆ ಮುಚ್ಚದೆ, ಐದು ನಿಮಿಷ ಕುದಿಸಿ. ಕ್ಲೋರಿನ್, ನೀರಿಗಿಂತ ಕಡಿಮೆ ಶಾಖದಲ್ಲಿ ಏಳುವ ರಾಸಾಯನಿಕಗಳು ಆಗ ಹಾರಿಹೋಗುತ್ತವೆ. ಕ್ಲೋರೊಫಾರ್ಮ್ 61 ಡಿಗ್ರಿಗೇ ಕುದಿಯುವಂಥದ್ದು; ಮುಚ್ಚಿದರೆ ಅದೂ ಆವಿಯ ಜೊತೆ ಬಂದು ಬೋಗುಣಿಗೇ ಬೀಳುತ್ತದೆ. ಎಲ್ಲವನ್ನೂ ತಡೆಯುವ ವಿಧಾನ ಇದಲ್ಲ. ಯಂತ್ರದಲ್ಲಾದರೆ ಮೊದಲ 100 ಮಿಲಿಲೀಟರ್ ಚೆಲ್ಲಿ, ಬಾಯಿಗಿರುವ ಇದ್ದಿಲ ಸೋಸುಕವನ್ನು ಕಂಪನಿ ಹೇಳಿದ ಅವಧಿಗೆ ಬದಲಿಸಿ.

ಆಮೇಲೆ ಉರಿ ಸಣ್ಣ ಮಾಡಿ, ಬೋಗುಣಿ ಇಟ್ಟು, ಮೇಲಿನ ಪಾತ್ರೆಗೆ ತಣ್ಣೀರು ಹಾಕಿ. ಸಂದಿಗೆ ಗೋಧಿಹಿಟ್ಟಿನ ಕಣಕ ಮೆತ್ತಬಹುದು, ಆದರೆ ಒಂದು ಬೆರಳಗಲ ಬಿಡಲೇಬೇಕು. ಪೂರ್ತಿ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುತ್ತದೆ. ಜೋರು ಉರಿ ಇಟ್ಟರೆ ಬೇಗ ಆಗುವುದಿಲ್ಲ, ಕುದಿತದ ಸಿಡಿ ಬೋಗುಣಿಗೆ ಬಿದ್ದು ಕೆಲಸ ಕೆಡುತ್ತದೆ.

ತಂಪು ನೀರಿನ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಆವಿ ಮಾಡಲು ಕೊಟ್ಟ 2260 ಕಿಲೋಜೂಲನ್ನು ಮೇಲಿನ ಪಾತ್ರೆ ವಾಪಸ್ ಹೀರಬೇಕು. ನೀರು 25ರಿಂದ 60 ಡಿಗ್ರಿಗೆ ಏರುವಷ್ಟೂ ಬಳಸಿದರೆ ಒಂದು ಲೀಟರ್ ಬಟ್ಟಿ ನೀರಿಗೆ 15 ಲೀಟರ್ ತಣ್ಣೀರು ಬೇಕು. ಕೈ ಸುಡುವಷ್ಟು ಬಿಸಿಯಾದಾಗ ತೆಗೆದು ಸ್ನಾನದ ಹಂಡೆಗೆ ಸುರಿಯಿರಿ. ಬದಲಿಸದಿದ್ದರೆ ಆವಿ ಸಂದಿಯಿಂದ ಅಡಿಗೆಮನೆಗೆ ಹೋಗುತ್ತದೆ, ಬೋಗುಣಿ ಖಾಲಿ ಉಳಿಯುತ್ತದೆ. ಫ್ಯಾನಿನಿಂದ ತಂಪಾಗುವ ಯಂತ್ರಕ್ಕೆ ನೀರಿನ ಖರ್ಚಿಲ್ಲ, ಆದರೆ ಏಪ್ರಿಲ್ ಬಿಸಿಲಲ್ಲಿ ಗೋಡೆಗೆ ಒತ್ತಿ ಇಟ್ಟರೆ ಅದೂ ಆವಿ ಉಗುಳುತ್ತದೆ. ಸುತ್ತ ಒಂದು ಗೇಣು ಜಾಗ ಬಿಡಿ.

ಒಂದೂವರೆ ಲೀಟರ್ ಇಳಿದ ಕೂಡಲೇ ಒಲೆ ಆರಿಸಿ. ತಳದಲ್ಲಿ ಉಳಿದದ್ದು ದಟ್ಟವಾದ ಫ್ಲೋರೈಡ್ ನೀರು; ದನದ ಬಾನಿಗೂ ಬೇಡ, ಪಾತ್ರೆಯಲ್ಲೇ ಒಣಗಲು ಬಿಡುವುದೂ ಬೇಡ.

ಕುಕ್ಕರಿಗೆ ನಳಿಕೆ ಸೇರಿಸಿ ಬಟ್ಟಿ ಇಳಿಸುವ ಉಪಾಯ ವಿಡಿಯೊಗಳಲ್ಲಿ ಓಡಾಡುತ್ತದೆ. ನಳಿಕೆ ಮಡಚಿದರೆ, ಲವಣದ ಹಕ್ಕಳೆ ಸಿಕ್ಕಿಕೊಂಡರೆ, ಕುಕ್ಕರ್ ಬಾಂಬೇ ಸರಿ. ಅದರ ತಾಮ್ರದ ಸುರುಳಿಯೂ ನಿರುಪದ್ರವಿಯಲ್ಲ. ಬಟ್ಟಿ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಆಮ್ಲೀಯವಾಗುತ್ತದೆ, ಪಿಎಚ್ 5.5–6ಕ್ಕೆ ಇಳಿಯುತ್ತದೆ, ತಾಮ್ರವನ್ನೂ, ಬೆಸುಗೆಯಲ್ಲಿ ಸೀಸವಿದ್ದರೆ ಅದನ್ನೂ ಕರಗಿಸಿಕೊಳ್ಳುತ್ತದೆ. ನೀರು ಮುಟ್ಟುವ ಭಾಗವೆಲ್ಲ ಸ್ಟೀಲ್ ಅಥವಾ ಗಾಜು ಇರಲಿ. ತಾಮ್ರದ ಕೊಡದಲ್ಲಿ ತುಂಬಿಡುವುದೂ ಬೇಡ.

ಬಿಸಿಲು ಧಾರಾಳವಿರುವ ಊರಲ್ಲಿ ಸೌರ ಬಟ್ಟಿ ಇನ್ನೊಂದು ದಾರಿ: ಒಂದು ಚದರ ಮೀಟರ್ ಕಪ್ಪು ತೊಟ್ಟಿ, 2 ಸೆಂಟಿಮೀಟರ್ ನೀರು, ಮೇಲೆ 15–20 ಡಿಗ್ರಿ ದಕ್ಷಿಣಕ್ಕೆ ಇಳಿಜಾರಾದ ಗಾಜು, ಕೆಳ ಅಂಚಿಗೆ ಸ್ಟೀಲ್ ಕಾಲುವೆ. ಇಳಿಜಾರು ಕಡಿಮೆಯಾದರೆ ಹನಿ ಜಾರದೆ ತೊಟ್ಟಿಗೇ ಮರಳುತ್ತದೆ. ಒಳ್ಳೆಯ ಬಿಸಿಲಿಗೆ ದಿನಕ್ಕೆ 2–3 ಲೀಟರ್ ಸಿಗುತ್ತದೆ, ಮೋಡದ ದಿನ ನೆಚ್ಚಬೇಡಿ.

ಏನು ಕೆಡುತ್ತದೆ

ಬಟ್ಟಿ ನೀರಿನ ಟಿಡಿಎಸ್ 0–5 ಇರಬೇಕು. 20 ದಾಟಿದರೆ ಸಿಡಿ ಅಥವಾ ನೊರೆ ದಾಟಿ ಬಂದಿದೆ: ಹೆಚ್ಚು ತುಂಬಿದ್ದೀರಿ, ಉರಿ ಜೋರಿದೆ, ಅಥವಾ ಪಾತ್ರೆ ತೊಳೆದ ಸೋಪು ಉಳಿದಿದೆ. ದಿನೇ ದಿನೇ ಸಮಯ ಹೆಚ್ಚು ಹಿಡಿಯುತ್ತಿದ್ದರೆ ತಳದ ಬಿಳಿ ಹಕ್ಕಳೆ ಕಾರಣ. ಗಡಸು ನೀರಿನ ಬೈಕಾರ್ಬನೇಟ್ ಕಾದಾಗ ಸುಣ್ಣದ ಕಾರ್ಬನೇಟ್ ಆಗಿ ತಳ ಹಿಡಿದು ಶಾಖ ತಡೆಯುತ್ತದೆ. ಲೀಟರ್ ಬೆಚ್ಚನೆ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಅರ್ಧ ತಾಸು ಬಿಡಿ, ಗುಳ್ಳೆ ಏಳುವುದು ನಿಂತ ಮೇಲೆ ತೊಳೆಯಿರಿ. ಬ್ಲೀಚಿಂಗ್ ಪೌಡರನ್ನು ಇದರ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ತಂತಿಬ್ರಷ್ ಹಾಕಿ ಕೆರೆದರೆ ಗೀರು ಬಿದ್ದಲ್ಲಿ ಹಕ್ಕಳೆ ಬೇಗ ಕೂರುತ್ತದೆ.

ಸಪ್ಪೆ ರುಚಿ ದೋಷವಲ್ಲ. ಒಂದು ಪಾಲು ಕುದಿಸಿ ಆರಿಸಿದ ಮೂಲ ನೀರಿಗೆ ನಾಲ್ಕು ಪಾಲು ಬಟ್ಟಿ ನೀರು ಬೆರೆಸಿದರೆ ರುಚಿ ಬರುತ್ತದೆ, ಖರ್ಚೂ ಐದರಲ್ಲೊಂದು ಪಾಲು ಇಳಿಯುತ್ತದೆ. ಕುದಿಸಿದ ಮೂಲದಲ್ಲಿ ಫ್ಲೋರೈಡ್ 2.5, ನೈಟ್ರೇಟ್ 60, ಟಿಡಿಎಸ್ 1400 ಇದ್ದರೆ ಬೆರಕೆಯಲ್ಲಿ 0.5, 12, 280. ಮೂಲದ ವರದಿ ಕೈಯಲ್ಲಿಲ್ಲದೆ ಬೆರೆಸುವಂತಿಲ್ಲ. ಇನ್ನೊಂದು: ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ಕುಡಿಯಲಿಕ್ಕಲ್ಲ. ಅದನ್ನು ಆಹಾರದ ಶುಚಿತ್ವ ನೋಡಿ ತುಂಬಿರುವುದಿಲ್ಲ.

ಮಂದಿಗೆ ಹೇಳುವಾಗ

ಮಾರುವವರ ಕೈಯಲ್ಲಿ ಸದಾ ಇರುವುದು ಟಿಡಿಎಸ್ ಮೀಟರ್. ಅದು ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು, ಸೂಕ್ಷ್ಮಾಣುವನ್ನಲ್ಲ, ಫ್ಲೋರೈಡನ್ನಲ್ಲ. ಟಿಡಿಎಸ್ 350, ಫ್ಲೋರೈಡ್ 2.2 ಇರುವ ನೀರಿಗಿಂತ ಟಿಡಿಎಸ್ 900, ಫ್ಲೋರೈಡ್ 0.6 ಇರುವ ನೀರು ಮಗುವಿನ ಹಲ್ಲಿಗೆ ಒಳ್ಳೆಯದು. ಮೀಟರ್ ತೋರಿಸುವುದು ಉಲ್ಟಾ.

ಇನ್ನೊಂದು ಆಟ: ಎರಡು ಲೋಟಗಳಿಗೆ ಕರೆಂಟಿನ ಕಂಬಿ ಇಳಿಸುತ್ತಾರೆ. ನಳದ ನೀರು ಕಂದು ಕೊಳೆಯಾಗುತ್ತದೆ, ಬಟ್ಟಿ ನೀರು ಹಾಗೇ ಉಳಿಯುತ್ತದೆ, ನೋಡುವವರು ಹೌಹಾರುತ್ತಾರೆ. ಆ ಕೊಳೆ ನೀರಿನದಲ್ಲ, ಕಬ್ಬಿಣದ ಕಂಬಿಯೇ ಕರಗಿ ಆದದ್ದು. ಬಟ್ಟಿ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಂಬಿ ಇಳಿಸಲು ಹೇಳಿ, ಅದೂ ಕಂದಾಗುತ್ತದೆ. ಸಂಘದವರು ಈ ಆಟ ಆಡಬಾರದು, ಆಡುವವರ ಎದುರು ಉಪ್ಪಿನ ಪೊಟ್ಟಣ ಇಟ್ಟುಕೊಂಡಿರಬೇಕು.

ಹಾಗಾದರೆ ತೋರಿಸುವುದೇನು? ಕಿಟ್‌ನ ಫ್ಲೋರೈಡ್ ಬಣ್ಣ, ಗಿರಾಕಿಯ ಮನೆಯ ನೀರಿನಲ್ಲೇ, ಅವರ ಕಣ್ಣೆದುರೇ. ಮಾತು ಶುರು ಮಾಡುವುದು ಹೆದರಿಕೆಯಿಂದಲ್ಲ: “ಅಕ್ಕಾರ, ನಿಮ್ಮ ಬೋರಿನ ನೀರು ಯಾವಾಗರ ಟೆಸ್ಟ್ ಮಾಡಿಸೀರೇನ್ರಿ?” ಇಲ್ಲ ಎಂದರೆ ಪರೀಕ್ಷೆ ಮಾಡಿಕೊಡಿ. ನೀರು ಚೆನ್ನಾಗಿದೆ ಎಂದು ಬಂದರೆ ಹಾಗೇ ಹೇಳಿ ಎದ್ದು ಬನ್ನಿ; ಮುಂದಿನ ಓಣಿಯಲ್ಲಿ ನಿಮ್ಮ ಮಾತು ನಡೆಯುವುದು ಅದರಿಂದ.

ಘಟಕದ ಬೋರ್ಡಿನ ಮೇಲೆ ಮೂಲ ನೀರಿನ ಮತ್ತು ಕೊಡುವ ನೀರಿನ ಫ್ಲೋರೈಡ್, ಪರೀಕ್ಷೆಯ ದಿನಾಂಕ, 20 ಲೀಟರಿನ ದರ ಇಷ್ಟು ಸಾಕು. ‘ಮಿನರಲ್ ವಾಟರ್’ ಎಂದು ಬರೆಯಬೇಡಿ. ನೈಸರ್ಗಿಕ ಖನಿಜ ನೀರಿಗೆ ಐಎಸ್ 13428 ಎಂಬ ಬೇರೆಯೇ ಮಾನಕವಿದೆ, ಸಂಸ್ಕರಿಸಿ ಪ್ಯಾಕ್ ಮಾಡಿದ ಕುಡಿಯುವ ನೀರಿನದು ಐಎಸ್ 14543. ಸೀಲ್ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಬೇಕು. ‘ಮೊಣಕಾಲು ನೋವು ಹೋಗುತ್ತದೆ, ಕಿಡ್ನಿ ಕಲ್ಲು ಕರಗುತ್ತದೆ’ ಎಂಬ ಕರಪತ್ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು. ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಗಿರಾಕಿ ದೂರು ಕೊಡುವ ರಾಷ್ಟ್ರೀಯ ಸಹಾಯವಾಣಿ 1915. ಅದನ್ನೂ ಬೋರ್ಡಿನಲ್ಲಿ ಬರೆಯುವ ಘಟಕವನ್ನು ಮಂದಿ ನಂಬುತ್ತಾರೆ.

ನೀರು ವಾಸನೆ ಬರುತ್ತದೆ ಎಂಬ ದೂರು ಬಂದರೆ ಯಂತ್ರ ಬಿಚ್ಚುವ ಮೊದಲು ಕ್ಯಾನಿನ ಒಳಗೆ ಟಾರ್ಚ್ ಹಿಡಿದು ನೋಡಿ. ಬಟ್ಟಿ ನೀರಲ್ಲೂ ಆರ್‌ಒ ನೀರಲ್ಲೂ ಕ್ಲೋರಿನ್ ಉಳಿದಿರುವುದಿಲ್ಲ, ಕೈ ಅದ್ದಿದ ಚರಿಗೆಯಿಂದ ಬಿದ್ದ ಸೂಕ್ಷ್ಮಾಣು ಅಲ್ಲಿ ಆರಾಮಾಗಿ ಬೆಳೆಯುತ್ತದೆ. ಬಿಸಿಲಲ್ಲಿಟ್ಟ ಕ್ಯಾನಿನ ಮೂಲೆಯಲ್ಲಿ ಹಸಿರು ಪಾಚಿ ಇದ್ದೇ ಇರುತ್ತದೆ. 10 ಲೀಟರ್ ನೀರಿಗೆ 2 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ತಿಳಿ ತೆಗೆದು ಕ್ಯಾನಿಗೆ ತುಂಬಿ ಹತ್ತು ನಿಮಿಷ ಬಿಟ್ಟು, ಶುದ್ಧ ನೀರಿನಲ್ಲಿ ಎರಡು ಸಲ ಜಾಲಿಸಿ ಕೊಡಿ. ವಾರಕ್ಕೊಮ್ಮೆ ಹೀಗೆ ತೊಳೆಯುವ, ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ನೀರು ಸುರಿದುಕೊಳ್ಳುವ ಮನೆಯಿಂದ ಎರಡನೇ ದೂರು ಬಂದರೆ ಮಾತ್ರ ಯಂತ್ರಕ್ಕೆ ಕೈ ಹಾಕಿ.