ಬಾಂಗ್ಲಾದೇಶ ಮುಳುಗದಿರಲು ಒಂದು ಗೋಡೆ ಸಾಲದೇ?

ಪ್ರಶ್ನೆ: ಬಾಂಗ್ಲಾದೇಶ ಮುಳುಗಿಹೋಗುತ್ತದೆ ಅಂತಾರೆ. ಆದರೂ ಅವರು 2100ರವರೆಗೆ ಯೋಜನೆ ಹಾಕಿಕೊಂಡಿದ್ದಾರಂತೆ. ಸುಮ್ನೆ ಡಚ್ಚರ ಹಾಗೆ ಎತ್ತರದ ಗೋಡೆ ಕಟ್ಟಿದರೆ ಆಯ್ತಲ್ವಾ?

ಉತ್ತರ: ಸಮುದ್ರದ ಬಗ್ಗೆ ಏನು ಬರೆದರೂ ಈ ಗೋಡೆ ಬಂದೇ ಬರುತ್ತದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಗೋಡೆ ಅಲ್ಲಿ ಆಗಲೇ ಇದೆ. 1960ರ ದಶಕದಿಂದ ಕರಾವಳಿಯ ತಗ್ಗು ಜಮೀನಿನ ಸುತ್ತ ಮಣ್ಣಿನ ಏರಿ ಹಾಕಿ, ತೂಬು ಇಟ್ಟು, ಪೋಲ್ಡರ್ ಎನ್ನುವ ಇಂಥ 139 ಏರಿಸುತ್ತಿನ ಜಮೀನು ಮಾಡಿದ್ದಾರೆ. ಮೊದಮೊದಲು ಭತ್ತ ಚೆನ್ನಾಗಿಯೇ ಬಂತು. ತಾಪತ್ರಯ ಶುರುವಾಗಿದ್ದು ಆಮೇಲೆ.

ಈ ನೆಲ ಆಗಿರುವುದೇ ಹೂಳಿನಿಂದ. ಗಂಗೆ, ಬ್ರಹ್ಮಪುತ್ರ, ಮೇಘನಾ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ತರುತ್ತವೆ. ಉಬ್ಬರದ ನೀರು ದಿನಕ್ಕೆರಡು ಸಲ ಒಳಗೆ ನುಗ್ಗಿ, ಇಳಿಯುವಾಗ ಒಂದಿಷ್ಟು ಮಣ್ಣು ಬಿಟ್ಟು ಹೋಗುತ್ತಿತ್ತು. ನದಿ ಸಮುದ್ರ ಸೇರುವಲ್ಲಿ ಹೂಳಿನಿಂದಾದ ಇಂಥ ಡೆಲ್ಟಾದ ನೆಲ ತಾನಾಗೇ ಕುಸಿಯುತ್ತಿರುತ್ತದೆ, ಈ ಹೊಸ ಮಣ್ಣು ಅದನ್ನು ಸರಿದೂಗಿಸುತ್ತದೆ. ಏರಿ ಬಂದ ಮೇಲೆ ಮಣ್ಣು ಬರುವುದು ನಿಂತಿತು, ಕುಸಿತ ನಿಲ್ಲಲಿಲ್ಲ. ಒಳಗೆ ಬೀಳಬೇಕಿದ್ದ ಹೂಳು ನದಿಯಲ್ಲೇ ಕೂತಿತು. ಈಗ ನದಿ ಮೇಲೆ, ಗದ್ದೆ ಕೆಳಗೆ. ತೂಬು ತೆಗೆದರೂ ಮಳೆನೀರು ಹೋಗುವುದೆಲ್ಲಿಗೆ? 32ನೇ ಪೋಲ್ಡರಿನ ನೆಲ ಪಕ್ಕದ ಸುಂದರಬನದ ನೆಲಕ್ಕಿಂತ ಒಂದು ಮೀಟರ್‌ಗೂ ಜಾಸ್ತಿ ತಗ್ಗಿದೆ. ಎರಡಕ್ಕೂ ಸಮುದ್ರ ಒಂದೇ, ಸ್ವಾಮಿ! ಕಾಡಿಗೆ ಏರಿ ಇಲ್ಲ, ಅಷ್ಟೇ ವ್ಯತ್ಯಾಸ.

ಖುಲ್ನಾ, ಜೆಸ್ಸೋರ್ ಕಡೆಯ ರೈತರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಲಿಲ್ಲ. ಬೀಲ್ ಡಾಕಾತಿಯಾ ಎಂಬ ತಗ್ಗಿನಲ್ಲಿ ವರ್ಷಗಟ್ಟಲೆ ನೀರು ನಿಂತು, 1990ರಲ್ಲಿ ಊರವರೇ ಏರಿ ಕಡಿದರು. 1997ರಲ್ಲಿ ಬೀಲ್ ಭಾಯ್ನಾದಲ್ಲೂ ಹಾಗೇ ಆಯಿತು. ಕಡಿದ ಬಾಯಿಯ ಹತ್ತಿರ ನೆಲ ಒಂದು ಮೀಟರ್‌ಗೂ ಮೇಲೆದ್ದಿತು, ಪಕ್ಕದ ಹರಿ ನದಿ ಮತ್ತೆ ಆಳವಾಯಿತು. ಎಂಜಿನಿಯರುಗಳು ಆಮೇಲೆ ಇದಕ್ಕೊಂದು ದೊಡ್ಡ ಹೆಸರಿಟ್ಟು ಯೋಜನೆ ಮಾಡಿಕೊಂಡರು. ಪುಕ್ಕಟೆಯೇನಲ್ಲ. ಹೂಳು ತುಂಬುವ ವರ್ಷಗಳಲ್ಲಿ ಆ ಜಮೀನಿನಲ್ಲಿ ಬೆಳೆ ಇಲ್ಲ, ಪರಿಹಾರದ ಜಗಳ ಬೇರೆ.

ಡಚ್ಚರ ವಿಷಯಕ್ಕೆ ಬಂದರೆ, ಅವರೇ ನೈಮೇಖೆನ್ ಊರಿನ ಹತ್ತಿರ ವಾಲ್ ನದಿಯ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿದ್ದಾರೆ. ನದಿಗೆ ಜಾಗ ಬೇಕು ಅಂತ. ನೀವು ಹೇಳಿದ 2100ರ ಯೋಜನೆ, ಅಂದರೆ ಬಾಂಗ್ಲಾದೇಶ 2018ರಲ್ಲಿ ಒಪ್ಪಿದ ಡೆಲ್ಟಾ ಯೋಜನೆ ಮಾಡಲು ನೆರವಾದವರೂ ಅವರೇ. ಅದರ ಮೊದಲ ಪಟ್ಟಿಯ 80 ಕೆಲಸಗಳಲ್ಲಿ 15 ಕಟ್ಟುವ ಕೆಲಸಗಳೇ ಅಲ್ಲ. ಸಂಸ್ಥೆಗಳನ್ನು ಬಲಪಡಿಸುವುದು, ತಿಳಿವಳಿಕೆ ಬೆಳೆಸುವುದು. ನನಗೆ ಆ ಯೋಜನೆಯಲ್ಲಿ ಮೆಚ್ಚುಗೆಯಾದದ್ದು ಈ 15.

ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ. ಇಷ್ಟು ನೀರಿರುವ ದೇಶದಲ್ಲಿ ನೀರಿಗೆ ಬರ ಬರುತ್ತದೆಯೇ? ಬರುತ್ತದೆ, ಪ್ರತಿ ಬೇಸಿಗೆಯಲ್ಲೂ. ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಸುರಿದು ಮುಗಿಯುತ್ತದೆ. ನದಿಯಲ್ಲಿ ಸಿಹಿನೀರಿನ ಒತ್ತಡ ಇಳಿದಾಗ ಉಪ್ಪುನೀರು ಒಳನಾಡಿಗೆ ಏರುತ್ತದೆ. ಮೇಲ್ಗಡೆ 1975ರಿಂದ ಗಂಗೆಗೆ ಅಡ್ಡವಾಗಿ ನಮ್ಮ ಫರಕ್ಕಾ ಬ್ಯಾರೇಜ್ ಇದೆ. ಕಾವೇರಿ ಜಗಳ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗೆಯ ಬೇಸಿಗೆ ನೀರನ್ನು ಹಂಚುವ 1996ರ ಒಪ್ಪಂದ 30 ವರ್ಷದ್ದು, ಅವಧಿ 2026ರ ಡಿಸೆಂಬರ್‌ವರೆಗೆ. 2100ರ ಯೋಜನೆ ಎಷ್ಟೇ ಚೆನ್ನಾಗಿರಲಿ, ಬೇಸಿಗೆಯ ಗಂಗೆ ಮಾತ್ರ ಢಾಕಾ ಒಂದರ ಕೈಯಲ್ಲಿಲ್ಲ.