ಜೋಶಿ: ಅಡ್ಡಹೆಸರು ಒಂದೇ, ಕಸುಬು ಬೇರೆ ಬೇರೆ

ಧಾರವಾಡದಲ್ಲಿ ‘ಜೋಶಿಯವರ ಮನೆ ಎಲ್ಲಿ?’ ಎಂದು ಕೇಳಿದರೆ, ‘ಯಾವ ಜೋಶಿ?’ ಎಂಬ ಮರುಪ್ರಶ್ನೆ ಗ್ಯಾರಂಟಿ. ‘ಜ್ಯೋತಿಷಿ’ ಎಂಬುದು ಜನರ ಬಾಯಲ್ಲಿ ಸವೆದು ‘ಜೋಶಿ’ಯಾಗಿದೆ. ಪಂಚಾಂಗ ನೋಡಿ ಮದುವೆ-ಮುಂಜಿಗೆ ಮುಹೂರ್ತ ಇಟ್ಟುಕೊಡುವುದು ಅವರ ವೃತ್ತಿಯಾಗಿತ್ತು. ಊರಿನ ಲೆಕ್ಕ ಬರೆಯುವವರು ಕುಲಕರ್ಣಿಯಾದ ಹಾಗೆಯೇ ಇದು. ಮಹಾರಾಷ್ಟ್ರ, ಗುಜರಾತದಿಂದ ಹಿಡಿದು ಹಿಮಾಲಯದ ಕುಮಾವೂಂವರೆಗೂ ಜೋಶಿಗಳಿದ್ದಾರೆ. ಹಾಗಾಗಿ ಅಡ್ಡಹೆಸರು ಕೂಡಿಬಂದ ಮಾತ್ರಕ್ಕೆ ಬೀಗತನ ಹುಡುಕುವುದು ವ್ಯರ್ಥ.

ಪಂಚಾಂಗದ ಗೊಡವೆಯೇ ಇಲ್ಲದೆ ಹೆಸರಾದ ಜೋಶಿಗಳು ನಮ್ಮ ಭಾಗದಲ್ಲಿ ಹಲವರು. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ಇಂದಿನ ಗದಗ ಜಿಲ್ಲೆಯಲ್ಲಿ. ತಂದೆ ಶಾಲಾ ಶಿಕ್ಷಕರು. ಸಂಗೀತದ ಗುರುವನ್ನು ಅರಸಿ ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟ ಹುಡುಗ ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿದ. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ! ಆ ಗುರು ಸವಾಯಿ ಗಂಧರ್ವರು, ಅಂದರೆ ರಾಮಚಂದ್ರ ಕುಂದಗೋಳಕರ. ಗುರುವಿನ ಅಡ್ಡಹೆಸರು ಊರಿನದು, ಶಿಷ್ಯನದು ವೃತ್ತಿಯದು. 2008ರಲ್ಲಿ ಭೀಮಸೇನರಿಗೆ ಭಾರತ ರತ್ನ ಘೋಷಣೆಯಾಯಿತು.

ಶಂ.ಬಾ. ಜೋಶಿಯವರು ಧಾರವಾಡದಲ್ಲಿ ಮಾಸ್ತರಿಕೆ ಮಾಡುತ್ತಲೇ ಗ್ರಹಗಳ ಬದಲು ಪದಗಳ ಜಾಡು ಹಿಡಿದವರು. ಊರ ಹೆಸರುಗಳನ್ನು ಕೆದಕಿ, ಮರಾಠಿ ನಾಡಿನೊಳಗೂ ಕನ್ನಡದ ಕುರುಹುಗಳಿವೆ ಎಂದು ವಾದಿಸಿದರು. ಮರಾಠಿಗರಲ್ಲೂ ಧಾರಾಳವಾಗಿರುವ ಅಡ್ಡಹೆಸರು ಹೊತ್ತವರೇ ಈ ವಾದ ಹೂಡಿದ್ದು ನನಗೆ ಬಲು ರುಚಿಸುವ ಸಂಗತಿ. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುಗರ ವಲಯದಲ್ಲಿ ಅವರು ಬರೀ ‘ಶಂಬಾ’. ಅಲ್ಲಿ ಅಡ್ಡಹೆಸರಿನ ಹಂಗೇ ಇಲ್ಲ.

ಗದಗದ ಸುನಿಲ್ ಜೋಶಿ ಎಡಗೈ ಸ್ಪಿನ್ನರ್. ಬಾಲಕನಾಗಿದ್ದಾಗ ಕ್ರಿಕೆಟ್ ಅಭ್ಯಾಸಕ್ಕೆಂದು ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಅವರ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಎದುರಾಳಿಗಳು 117ಕ್ಕೆ ಆಲೌಟ್. ಅಂದು ಅವರ ಗ್ರಹಗತಿ ನೆಟ್ಟಗಿರಲಿಲ್ಲ ಎನ್ನಲು ಜ್ಯೋತಿಷ್ಯ ಬೇಕಿರಲಿಲ್ಲ.

ರಾಜಕೀಯದ ಮಾತು ಬಂದರೆ ಪ್ರಲ್ಹಾದ ಜೋಶಿ. 2004ರಿಂದ ಧಾರವಾಡದ ಸಂಸದರು, ಕೇಂದ್ರ ಸಚಿವರು. ಇನ್ನು ಬರವಣಿಗೆಯಲ್ಲಿ ‘ಜೋಶಿ’, ‘ಜೋಷಿ’ ಎರಡೂ ರೂಪ ಕಾಣುತ್ತವೆ. ನಮ್ಮ ಕಡೆ ಹೆಚ್ಚಿನವರು ಬರೆಯುವುದು ‘ಜೋಶಿ’ ಎಂದೇ.